ವಚನಾಂಕಿತಗಳಲ್ಲಿ ಸಮಾನಾಂತ್ಯ: ಒಂದು ವಿವೇಚನೆ

ಶಿವಶರಣರು ನಮಗೆ ಬಿಟ್ಟುಹೋದ ವಚನರಾಶಿಯು ಇಪ್ಪತ್ತು ಸಾವಿರವನ್ನೂ ಮೀರಿದೆ. ಈ ರಾಶಿಯಲ್ಲಿ ಯಾವ ವಚನ ಯಾರದು ಎಂಬುದನ್ನು ನಾವು ತಿಳಿಯುವ ಬಗೆ ಯಾವುದು? ಇಂದಿನ ಪುಸ್ತಕಗಳಲ್ಲಿ ಪ್ರತಿಯೊಬ್ಬ ವಚನಕಾರರ ಹೆಸರೂ ಶೀರ್ಷಿಕೆಯಾಗಿ ಅಚ್ಚಾಗಿರುವುದರಿಂದ ಈ ಪ್ರಶ್ನೆಯು ನಮ್ಮ ಮನಸ್ಸಿಗೆ ಬರುವುದೇ ಅಪರೂಪ. ಆದರೆ ತಾಳೆಗರಿಯ ಕಟ್ಟುಗಳಲ್ಲಿ ಇಂತಹ ಅನುಕೂಲ ಇರಲಿಲ್ಲ. ಅಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಅನೇಕ ಕಟ್ಟುಗಳಲ್ಲಿ ಹಲವು ಶರಣರ ವಚನಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಒಂದು ವಚನ ಎಲ್ಲಿ ಮುಗಿಯಿತು, ಅದನ್ನು ಹೇಳಿದವರು ಯಾರು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ದೊರೆಯುತ್ತಿದ್ದುದು ಬಹುಮಟ್ಟಿಗೆ ಒಂದೇ ಸ್ಥಳದಲ್ಲಿ. ಅದು ವಚನದ ಕೊನೆ. ಆ ಕೊನೆಯಲ್ಲಿ ನಿಂತಿರುವ ಇಷ್ಟದೈವದ ಹೆಸರೇ ಅಂಕಿತ.

ವಿಜಾಪುರದ ಡಾ. ಫ. ಗು. ಹಳಕಟ್ಟಿಯವರು (೧೮೮೦-೧೯೬೪) ಹಳ್ಳಿಹಳ್ಳಿಗಳಿಂದ ಓಲೆಗರಿಗಳನ್ನು ಕೂಡಿಹಾಕಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಾಗಲೂ, ಎಪ್ಪತ್ತು ವರ್ಷಗಳ ಅನಂತರ ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ‘ಸಮಗ್ರ ವಚನ ಸಂಪುಟ’ಗಳನ್ನು ಪ್ರಕಟಿಸಿದಾಗಲೂ, ವಿದ್ವಾಂಸರ ಕೈಗೆ ಮೊದಲು ಸಿಕ್ಕ ದಾರಿದೀಪ ಈ ಅಂಕಿತವೇ. ಹಲವು ಸಾಲುಗಳನ್ನು ಎದುರಿಗೆ ಇಟ್ಟುಕೊಂಡು, ಅವುಗಳ ತುದಿಯಲ್ಲಿ ಸಮಾನವಾಗಿರುವ ಭಾಗ ಎಷ್ಟು ಉದ್ದವಿದೆ ಎಂದು ಅಳೆಯುವ ಕೆಲಸವನ್ನು ಇಂದು ಗಣಕಯಂತ್ರದ ಶಾಸ್ತ್ರಜ್ಞರು ಒಂದು ಸಣ್ಣ ಲೆಕ್ಕವೆಂದು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಆ ಸಮಾನ ಭಾಗವನ್ನು ನಾವು ‘ಸಮಾನಾಂತ್ಯ’ ಎಂದು ಕರೆಯೋಣ. ಈ ಲೆಕ್ಕದ ರೀತಿಯನ್ನೂ, ಶರಣರ ಅಂಕಿತಗಳಿಗೆ ಅದನ್ನು ಅನ್ವಯಿಸಿದಾಗ ತೋರುವ ಸಂಬಂಧಗಳನ್ನೂ, ಅದರ ಮಿತಿಯನ್ನೂ ಶರಣಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ತುದಿಯಿಂದ ಓದುವ ಕ್ರಮ

ಮೊದಲು ಮನೆಮಾತಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

೧. ಗುರುಗಳು ಬೆಳಗಿನ ಪೂಜೆಯನ್ನು ಮುಗಿಸಿದರು
೨. ಅಜ್ಜಿಯವರು ಸಂಜೆಯ ಪೂಜೆಯನ್ನು ಮುಗಿಸಿದರು
೩. ಮಕ್ಕಳು ಶಾಲೆಯ ಪಾಠವನ್ನು ಮುಗಿಸಿದರು

ಮೂರು ಸಾಲುಗಳನ್ನೂ ಬಲತುದಿ ಸಮನಾಗುವಂತೆ ಒಂದರ ಕೆಳಗೊಂದು ಬರೆದುಕೊಳ್ಳಬೇಕು. ಕೊನೆಯ ಅಕ್ಷರದಿಂದ ಹಿಂದಕ್ಕೆ ಒಂದೊಂದೇ ಅಕ್ಷರವನ್ನು ಹೋಲಿಸುತ್ತ ಬರಬೇಕು. ಎಲ್ಲ ಸಾಲುಗಳಲ್ಲಿಯೂ ಅದೇ ಅಕ್ಷರವಿದ್ದರೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಯಾವುದಾದರೂ ಒಂದು ಸಾಲು ಬೇರೆಯಾದ ಕೂಡಲೇ ನಿಲ್ಲಬೇಕು. ಮೊದಲಿನ ಎರಡು ಸಾಲುಗಳಿಗೆ ‘ಪೂಜೆಯನ್ನು ಮುಗಿಸಿದರು’ ಎಂಬ ಒಂಬತ್ತು ಅಕ್ಷರಗಳು ಸಮಾನ. ಮೂರನೆಯ ಸಾಲನ್ನು ಸೇರಿಸಿದ ಕೂಡಲೇ ಅದು ‘ನ್ನು ಮುಗಿಸಿದರು’ ಎಂಬ ಆರು ಅಕ್ಷರಗಳಿಗೆ ಇಳಿಯುತ್ತದೆ. ‘ಊರಿನವರು ಜಾತ್ರೆಗೆ ಹೊರಟರು’ ಎಂಬ ನಾಲ್ಕನೆಯ ಸಾಲು ಬಂದರೆ ಉಳಿಯುವುದು ‘ರು’ ಎಂಬ ಒಂದೇ ಅಕ್ಷರ.

ಇದರಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಒಂದನೆಯದಾಗಿ, ಸಾಲುಗಳು ಹೆಚ್ಚಿದಂತೆ ಸಮಾನಾಂತ್ಯವು ಇದ್ದಷ್ಟೇ ಇರಬಹುದು ಅಥವಾ ಕುಗ್ಗಬಹುದು, ಎಂದಿಗೂ ಬೆಳೆಯಲಾರದು. ಎರಡನೆಯದಾಗಿ, ಅದು ಗುಂಪಿನ ಅತಿ ಚಿಕ್ಕ ಸಾಲಿಗಿಂತ ಉದ್ದವಾಗಲಾರದು. ಮೂರನೆಯದಾಗಿ, ಸಾಲುಗಳನ್ನು ಯಾವ ಕ್ರಮದಲ್ಲಿ ತೆಗೆದುಕೊಂಡರೂ ಕೊನೆಗೆ ಬರುವ ಉತ್ತರ ಒಂದೇ. ಆದ್ದರಿಂದ ಮೊದಲ ಸಾಲನ್ನೇ ಅಳತೆಗೋಲಾಗಿ ಹಿಡಿದು, ಉಳಿದವುಗಳೊಡನೆ ಒಂದೊಂದಾಗಿ ಹೋಲಿಸುತ್ತ, ಹೊಂದದ ಭಾಗವನ್ನು ಕತ್ತರಿಸುತ್ತ ಹೋದರೆ ಸಾಕು. ನಲವತ್ತು ಅಕ್ಷರಗಳ ಹತ್ತು ಸಾಲುಗಳಿದ್ದರೆ ಹೆಚ್ಚೆಂದರೆ ೩೬೦ ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ.

ಸಾಲುಗಳು ಸಾವಿರಗಟ್ಟಲೆ ಇದ್ದಾಗ ಇನ್ನೊಂದು ಉಪಾಯವಿದೆ. ಪ್ರತಿಯೊಂದು ಸಾಲನ್ನೂ ಹಿಂದುಮುಂದಾಗಿ ಬರೆದುಕೊಂಡು, ಅಕಾರಾದಿಯಾಗಿ ಜೋಡಿಸಬೇಕು. ‘ಮಲ್ಲಿಕಾರ್ಜುನ’ ಎಂಬುದು ಆಗ ನ, ರ್ಜು, ಕಾ, ಲ್ಲಿ, ಮ ಎಂದಾಗುತ್ತದೆ. ಹೀಗೆ ಜೋಡಿಸಿದಾಗ ಒಂದೇ ತುದಿಯುಳ್ಳ ಸಾಲುಗಳೆಲ್ಲ ತಾವಾಗಿಯೇ ಒಂದೆಡೆ ಬಂದು ಕೂಡುತ್ತವೆ. ಅಷ್ಟೇ ಅಲ್ಲ, ಒಂದು ಗುಂಪಿನ ಮೊದಲನೆಯ ಸಾಲನ್ನೂ ಕೊನೆಯ ಸಾಲನ್ನೂ ಮಾತ್ರ ಹೋಲಿಸಿದರೆ ಇಡೀ ಗುಂಪಿನ ಸಮಾನಾಂತ್ಯ ದೊರೆಯುತ್ತದೆ. ಏಕೆಂದರೆ ಕ್ರಮದಲ್ಲಿ ಅತ್ಯಂತ ದೂರವಿರುವ ಎರಡು ಸಾಲುಗಳು ಹಂಚಿಕೊಂಡಿರುವುದನ್ನು ನಡುವಿನವು ಹಂಚಿಕೊಳ್ಳದೆ ಇರಲಾರವು. ವಚನ ಸಂಪುಟಗಳ ಕೊನೆಯಲ್ಲಿ ಕಾಣುವ ಅಕಾರಾದಿಯು ವಚನದ ಮೊದಲ ಮಾತನ್ನು ಹಿಡಿದು ಹೊರಡುತ್ತದೆ. ಅದು ತಲೆಯ ಸೂಚಿ. ಇದು ಕೊನೆಯ ಸೂಚಿ. ಎರಡಕ್ಕೂ ಅವುಗಳದೇ ಆದ ಪ್ರಯೋಜನವಿದೆ.

ಅಂಕಿತಗಳು ಬಿಚ್ಚಿ ತೋರುವ ಸಂಬಂಧ

ಈಗ ಶರಣರ ಅಂಕಿತಗಳನ್ನೇ ಸಾಲಾಗಿ ಇರಿಸೋಣ. ಅಕ್ಕಮಹಾದೇವಿಯವರ ಅಂಕಿತ ‘ಚೆನ್ನಮಲ್ಲಿಕಾರ್ಜುನ’. ಸೊನ್ನಲಿಗೆಯ ಸಿದ್ಧರಾಮೇಶ್ವರರದು ‘ಕಪಿಲಸಿದ್ಧಮಲ್ಲಿಕಾರ್ಜುನ’. ತುದಿಯಿಂದ ಹಿಂದಕ್ಕೆ ಬಂದರೆ ‘ಮಲ್ಲಿಕಾರ್ಜುನ’ ಎಂಬ ಐದು ಅಕ್ಷರಗಳು ಕೂಡುತ್ತವೆ. ಒಬ್ಬರು ಉಡುತಡಿಯವರು, ಇನ್ನೊಬ್ಬರು ಇಂದಿನ ಸೊಲ್ಲಾಪುರದವರು. ಆದರೆ ಬಾಲ್ಯದಲ್ಲಿ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ನಡೆದರೆಂದು ಸಿದ್ಧರಾಮರ ಚರಿತ್ರೆ ಹೇಳುತ್ತದೆ. ಅಕ್ಕನ ಕೊನೆಯ ಪಯಣವೂ ಅದೇ ಶ್ರೀಶೈಲದ ಕದಳಿಗೆ. ಇಬ್ಬರನ್ನೂ ಸೆಳೆದ ಪರ್ವತದ ದೈವವು ಇಬ್ಬರ ಅಂಕಿತದ ಕೊನೆಯಲ್ಲಿ ನಿಂತಿದೆ. ಅದರ ಹಿಂದಿರುವ ‘ಚೆನ್ನ’, ‘ಕಪಿಲಸಿದ್ಧ’ ಎಂಬ ಮಾತುಗಳು ಆ ಒಂದೇ ದೈವವನ್ನು ಅವರವರು ಕಂಡುಕೊಂಡ ಬಗೆಯನ್ನು ಸೂಚಿಸುತ್ತವೆ.

ದಂಪತಿಗಳ ಅಂಕಿತಗಳನ್ನು ಹೋಲಿಸಿದಾಗ ಈ ಅಳತೆಯ ಪ್ರಯೋಜನ ಇನ್ನೂ ಸ್ಪಷ್ಟವಾಗುತ್ತದೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಬಿದ್ದ ಅಕ್ಕಿಯನ್ನು ಆಯುವ ಕಾಯಕ ಮಾಡಿದ ಮಾರಯ್ಯನವರ ಅಂಕಿತ ‘ಅಮರೇಶ್ವರಲಿಂಗ’. ಅವರ ಮಡದಿ ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಜೇಡರ ದಾಸಿಮಯ್ಯನವರದು ‘ರಾಮನಾಥ’; ಅವರ ಮಡದಿ ದುಗ್ಗಳೆಯವರದು ‘ದಾಸಯ್ಯಪ್ರಿಯ ರಾಮನಾಥ’. ಮೋಳಿಗೆಯ ಮಾರಯ್ಯನವರದು ‘ನಿಃಕಳಂಕಮಲ್ಲಿಕಾರ್ಜುನ’; ಮಹಾದೇವಿಯಮ್ಮನವರದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕಮಲ್ಲಿಕಾರ್ಜುನ’. ಈ ಮೂರು ಜೋಡಿಗಳಲ್ಲಿಯೂ ಪತಿಯ ಅಂಕಿತವೇ ಸಂಪೂರ್ಣವಾಗಿ ಸಮಾನಾಂತ್ಯವಾಗಿದೆ.

ಇದನ್ನು ಕಂಡು ‘ಶರಣೆಯರಿಗೆ ಸ್ವಂತ ಅಂಕಿತವಿರಲಿಲ್ಲ, ಪತಿಯದನ್ನೇ ಎರವಲು ಪಡೆದರು’ ಎಂದು ಆತುರದಲ್ಲಿ ತೀರ್ಮಾನಿಸಬಾರದು. ಸಮಾನಾಂತ್ಯವು ಹೇಳುವುದು ಇಬ್ಬರ ಆರಾಧ್ಯವೂ ಒಂದೇ ಎಂಬುದನ್ನು. ಅದರ ಹಿಂದೆ ನಿಂತ ‘ಮಾರಯ್ಯಪ್ರಿಯ’ ಎಂಬ ಭಾಗವು ಪತಿಯ ಅಂಕಿತದಲ್ಲಿ ಇಲ್ಲವೇ ಇಲ್ಲ. ಅದು ಲಕ್ಕಮ್ಮನವರು ತಾವಾಗಿ ಸೇರಿಸಿದ್ದು. ದೈವವನ್ನು ‘ನನ್ನ ಪತಿಗೆ ಪ್ರಿಯನಾದವನು’ ಎಂದು ಕರೆಯುವಲ್ಲಿ ದಾಂಪತ್ಯವೂ ಭಕ್ತಿಯೂ ಒಂದೇ ಉಸಿರಿನಲ್ಲಿ ಬಂದಿವೆ. ಅದೇ ಲಕ್ಕಮ್ಮನವರು, ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಯನ್ನು ತಿದ್ದಿ, ಮರಳಿ ಸುರಿದು ಬರುವಂತೆ ಹೇಳಿದವರೆಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಮರೆತಿಲ್ಲ. ತುದಿ ಒಂದಾದ ಮಾತ್ರಕ್ಕೆ ದನಿ ಒಂದಾಗಬೇಕಿಲ್ಲ.

ಸೋದರಮಾವ, ಅಳಿಯ ಮತ್ತು ಒಂದು ‘ಚೆನ್ನ’

ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸ್ಥಳದ ಸಂಗಮನಾಥನೇ ಅವರ ಆರಾಧ್ಯ. ಕನ್ನಡದ ‘ಕೂಡಲ’, ಸಂಸ್ಕೃತದ ‘ಸಂಗಮ’ ಎರಡರ ಅರ್ಥವೂ ಹೊಳೆಗಳು ಕೂಡುವ ಎಡೆ ಎಂದೇ. ಅವರ ಸೋದರಳಿಯ ಚೆನ್ನಬಸವಣ್ಣನವರ ಅಂಕಿತ ‘ಕೂಡಲಚೆನ್ನಸಂಗಮದೇವ’. ತುದಿಯಿಂದ ಹೋಲಿಸಿದರೆ ‘ಸಂಗಮದೇವ’ ಎಂಬ ಐದು ಅಕ್ಷರಗಳು ಕೂಡಿ, ಆರನೆಯ ಹೆಜ್ಜೆಯಲ್ಲಿ ಒಂದೆಡೆ ‘ಲ’, ಇನ್ನೊಂದೆಡೆ ‘ನ್ನ’ ಎದುರಾಗಿ ಹೋಲಿಕೆ ನಿಲ್ಲುತ್ತದೆ. ಲೆಕ್ಕದ ಪ್ರಕಾರ ಉತ್ತರ ‘ಸಂಗಮದೇವ’. ಆದರೆ ‘ಕೂಡಲ’ ಎಂಬುದೂ ಇಬ್ಬರಲ್ಲಿ ಸಮಾನವಾಗಿಯೇ ಇದೆ. ಅದು ಆರಂಭದಲ್ಲಿ ಇರುವುದರಿಂದ ತುದಿಯ ಲೆಕ್ಕಕ್ಕೆ ಸಿಕ್ಕಲಿಲ್ಲ. ಆರಂಭದಿಂದ ಮೂರು ಅಕ್ಷರ, ತುದಿಯಿಂದ ಐದು ಅಕ್ಷರ ಕೂಡಿದರೆ ಎಂಟು. ಬಸವಣ್ಣನವರ ಅಂಕಿತವೂ ಎಂಟೇ ಅಕ್ಷರ. ಅಂದರೆ ಮಾವನ ಅಂಕಿತವನ್ನು ಇಡಿಯಾಗಿ ಉಳಿಸಿಕೊಂಡು, ಅದರ ನಡುವೆ ಅಳಿಯನು ತನ್ನ ಹೆಸರಿನ ‘ಚೆನ್ನ’ವನ್ನು ಮಾತ್ರ ಇರಿಸಿದ್ದಾನೆ. ಎರಡು ತುದಿಗಳಿಂದಲೂ ಅಳೆದವರಿಗೆ ಮಾತ್ರ ಈ ಸೊಗಸು ಕಾಣುತ್ತದೆ.

ಹಡಪದ ಅಪ್ಪಣ್ಣನವರ ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬ ಅಂಕಿತವನ್ನೂ, ಅವರ ಮಡದಿ ಲಿಂಗಮ್ಮನವರ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’ ಎಂಬ ಅಂಕಿತವನ್ನೂ ಹೀಗೆಯೇ ಹೋಲಿಸಬಹುದು. ಸಮಾನಾಂತ್ಯ ‘ಚೆನ್ನಬಸವಣ್ಣ’. ಇಲ್ಲಿ ಅಂಕಿತದ ತುದಿಯಲ್ಲಿ ನಿಂತಿರುವುದು ಕ್ಷೇತ್ರದ ದೈವವಲ್ಲ, ಜೊತೆಯಲ್ಲಿ ಬಾಳಿದ ಶರಣ. ಶರಣರಿಗೆ ಶರಣರೇ ದೈವವಾದ ಕಾಲವದು ಎಂಬುದಕ್ಕೆ ಈ ಆರು ಅಕ್ಷರಗಳೇ ಸಾಕ್ಷಿ.

ಲೆಕ್ಕ ಎಡವುವ ಎಡೆಗಳು

ಇಷ್ಟು ಫಲಕಾರಿಯಾದ ಅಳತೆಯನ್ನು ಕಣ್ಣುಮುಚ್ಚಿ ನಂಬಬಹುದೆ? ನಂಬಲಾಗದು. ಅದು ಎಡವುವ ಎಡೆಗಳನ್ನೂ ಅರಿತಿರಬೇಕು.

ಮೊದಲನೆಯದು, ಸಂಬೋಧನೆ. ಶರಣರು ಅಂಕಿತವನ್ನು ಕರೆಯುವುದು ಹಲವು ಬಗೆಯಲ್ಲಿ. ಒಂದು ವಚನದ ಕೊನೆಯಲ್ಲಿ ‘ಮಲ್ಲಿಕಾರ್ಜುನ’ ಎಂದಿದ್ದರೆ, ಇನ್ನೊಂದರಲ್ಲಿ ‘ಮಲ್ಲಿಕಾರ್ಜುನಾ’ ಎಂದೂ, ಮತ್ತೊಂದರಲ್ಲಿ ‘ಮಲ್ಲಿಕಾರ್ಜುನಯ್ಯಾ’ ಎಂದೂ ಇರುತ್ತದೆ. ಕೊನೆಯ ಅಕ್ಷರಗಳು ‘ನ’, ‘ನಾ’, ‘ಯ್ಯಾ’ ಆದ್ದರಿಂದ ಅಕ್ಷರದ ಲೆಕ್ಕದಲ್ಲಿ ಸಮಾನಾಂತ್ಯವು ಶೂನ್ಯ! ಕರೆಯ ಪ್ರತ್ಯಯವನ್ನು ಕಳಚಿ ಹೋಲಿಸಿದರೆ ಮಾತ್ರ ಹೆಸರು ಹೊರಬೀಳುತ್ತದೆ. ಅಲ್ಲಮಪ್ರಭುದೇವರ ವಚನಗಳಲ್ಲಿ ‘ಗುಹೇಶ್ವರ’ ಎಂದೂ ‘ಗುಹೇಶ್ವರಲಿಂಗ’ ಎಂದೂ ಎರಡು ರೂಪಗಳುಂಟು. ಇನ್ನು ಕೆಲವು ವಚನಗಳಲ್ಲಿ ಅಂಕಿತವು ಕೊನೆಯ ವಾಕ್ಯದ ನಡುವೆ ಬಂದು, ಅದರ ಅನಂತರವೂ ಮಾತು ಮುಂದುವರಿಯುತ್ತದೆ. ಅಲ್ಲಿ ತುದಿಯ ಲೆಕ್ಕಕ್ಕೆ ಅಂಕಿತ ಕಾಣಿಸುವುದೇ ಇಲ್ಲ.

ಎರಡನೆಯದು, ಬರಹದ ವ್ಯತ್ಯಾಸ. ‘ಚೆನ್ನ’ವನ್ನು ‘ಚನ್ನ’ ಎಂದೂ, ‘ನಿಃಕಳಂಕ’ವನ್ನು ‘ನಿಷ್ಕಳಂಕ’ ಎಂದೂ ಬರೆಯುವುದುಂಟು. ಹಳೆಯ ಓಲೆಗಳಲ್ಲಿ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವನ್ನೂ ಲಿಪಿಯಲ್ಲಿ ತೋರಿಸುತ್ತಿರಲಿಲ್ಲ. ‘ಚೆನ್ನಮಲ್ಲಿಕಾರ್ಜುನ’, ‘ಚನ್ನಮಲ್ಲಿಕಾರ್ಜುನ’ ಎಂಬ ಎರಡು ಬರಹಗಳನ್ನು ಯಂತ್ರಕ್ಕೆ ಕೊಟ್ಟರೆ ಅದು ‘ನ್ನಮಲ್ಲಿಕಾರ್ಜುನ’ ಎಂಬ ಅರ್ಥವಿಲ್ಲದ ತುಂಡನ್ನು ಉತ್ತರವಾಗಿ ಕೊಡುತ್ತದೆ. ಒಂದು ಸಾಲಿನ ತುದಿಯಲ್ಲಿ ಪೂರ್ಣವಿರಾಮವೋ ವಚನದ ಸಂಖ್ಯೆಯೋ ಕಣ್ಣಿಗೆ ಕಾಣದ ಒಂದು ತೆರಪೋ ಉಳಿದುಬಿಟ್ಟರೂ ಸಾಕು, ನೂರು ಸಾಲುಗಳ ಸಮಾನಾಂತ್ಯವೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಹೋಲಿಸುವ ಮುನ್ನ ಸಾಲುಗಳನ್ನು ಹಸನುಗೊಳಿಸಬೇಕು. ಭತ್ತವನ್ನು ಅಳೆಯುವ ಮೊದಲು ತೂರಿ ಜೊಳ್ಳನ್ನು ಬೇರ್ಪಡಿಸುವಂತೆ.

ಮೂರನೆಯದು ಕನ್ನಡ ಲಿಪಿಗೆ ಸಂಬಂಧಿಸಿದುದು. ‘ಗುಹೇಶ್ವರ’, ‘ರಾಮೇಶ್ವರ’ ಎಂಬ ಎರಡು ಹೆಸರುಗಳ ಸಮಾನಾಂತ್ಯ ಯಾವುದು? ಅಕ್ಷರಗಳನ್ನು ಎಣಿಸಿದರೆ ‘ಶ್ವರ’. ಸ್ವರವ್ಯಂಜನಗಳನ್ನು ಬಿಡಿಸಿ ವರ್ಣಗಳನ್ನು ಎಣಿಸಿದರೆ ‘ಏಶ್ವರ’. ಗಣಕಯಂತ್ರವು ಹಕಾರ, ಮಕಾರಗಳನ್ನೂ ಅವುಗಳಿಗೆ ಹತ್ತಿದ ಏತ್ವವನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿರುವುದರಿಂದ, ವ್ಯಂಜನದ ಆಸರೆಯಿಲ್ಲದ ಏತ್ವದ ಗುರುತೊಂದು ಮೊದಲಿಗೆ ತೂಗಾಡುತ್ತಿರುವ ತುಂಡನ್ನು ಕೊಡುತ್ತದೆ. ವ್ಯಾಕರಣ ಬಲ್ಲವರಾದರೋ ‘ಗುಹಾ’, ‘ರಾಮ’ ಎಂಬವುಗಳಿಗೆ ‘ಈಶ್ವರ’ ಸೇರಿ ಗುಣಸಂಧಿಯಾಗಿದೆ ಎಂದು ಅರಿತು, ನಿಜವಾದ ಸಮಾನ ಪದ ‘ಈಶ್ವರ’ ಎನ್ನುತ್ತಾರೆ. ಆ ‘ಈ’ ಎರಡು ಹೆಸರುಗಳಲ್ಲಿಯೂ ಕಣ್ಣಿಗೆ ಕಾಣುವಂತೆ ಎಲ್ಲಿಯೂ ಇಲ್ಲ!

ಹಾಗಾದರೆ ಅಕ್ಷರವನ್ನು ಎಣಿಸಬೇಕೊ, ವರ್ಣವನ್ನು ಎಣಿಸಬೇಕೊ? ಅದು ನಾವು ಹುಡುಕುವ ವಸ್ತುವನ್ನು ಅವಲಂಬಿಸಿದೆ. ಮೊದಲು ಕೊಟ್ಟ ಮೂರು ವಾಕ್ಯಗಳಲ್ಲಿ ಅಕ್ಷರದ ಲೆಕ್ಕವು ‘ನ್ನು ಮುಗಿಸಿದರು’ ಎಂದಿತು. ವರ್ಣದ ಲೆಕ್ಕವಾದರೆ ‘ಅನ್ನು ಮುಗಿಸಿದರು’ ಎನ್ನುತ್ತದೆ. ‘ಅನ್ನು’ ಎಂಬುದೇ ದ್ವಿತೀಯಾ ವಿಭಕ್ತಿ ಪ್ರತ್ಯಯ. ಪ್ರತ್ಯಯವನ್ನು ಹುಡುಕುವವರಿಗೆ ವರ್ಣದ ಲೆಕ್ಕವೇ ಸರಿ. ಆದರೆ ‘ಚೆನ್ನಮಲ್ಲಿಕಾರ್ಜುನ’, ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬಲ್ಲಿ ವರ್ಣದ ಲೆಕ್ಕವು ‘ನ್ನ’, ‘ದ್ಧ’ಗಳ ಕೊನೆಯ ಅಕಾರವನ್ನೂ ಎಳೆದುಕೊಂಡು ‘ಅಮಲ್ಲಿಕಾರ್ಜುನ’ ಎಂದುಬಿಡುತ್ತದೆ. ದೈವನಾಮಕ್ಕೆ ನಿಷೇಧದ ಅಕಾರ ಹತ್ತಿದಂತಾಯಿತು! ಹೆಸರನ್ನು ಹುಡುಕುವವರಿಗೆ ಅಕ್ಷರದ ಲೆಕ್ಕವೇ ಕ್ಷೇಮ.

ನಾಲ್ಕನೆಯದು, ಸಮಾನಾಂತ್ಯವಿಲ್ಲದ ಕಡೆಯಲ್ಲಿಯೂ ಸಂಬಂಧವಿರಬಹುದು. ಬಸವಣ್ಣನವರ ಮಡದಿ ನೀಲಾಂಬಿಕೆಯವರ ಅಂಕಿತ ‘ಸಂಗಯ್ಯ’. ಅಕ್ಕನಾಗಮ್ಮನವರದು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಇವರಿಬ್ಬರ ನಡುವೆ ‘ಸಂಗಯ್ಯ’ ಎಂಬುದು ಸಮಾನ. ಆದರೆ ‘ಸಂಗಯ್ಯ’ವನ್ನು ‘ಕೂಡಲಸಂಗಮದೇವ’ದೊಡನೆ ಇರಿಸಿದರೆ ಒಂದು ಅಕ್ಷರವೂ ಕೂಡುವುದಿಲ್ಲ, ದೈವ ಮಾತ್ರ ಅದೇ. ಉರಿಲಿಂಗಪೆದ್ದಿಗಳ ಅಂಕಿತ ‘ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ’; ಅವರ ಮಡದಿ ಕಾಳವ್ವೆಯವರದು ‘ಉರಿಲಿಂಗಪೆದ್ದಿಗಳರಸ’. ಇಲ್ಲಿ ಹೋಲಿಕೆಯೆಲ್ಲ ಆರಂಭದಲ್ಲಿದೆ, ತುದಿ ಬರಿದು. ಇನ್ನು ಅಂಬಿಗರ ಚೌಡಯ್ಯನವರು ದೈವದ ಹೆಸರನ್ನೇ ಇಡದೆ ತಮ್ಮ ಹೆಸರನ್ನೇ ಅಂಕಿತವಾಗಿಸಿದರು. ‘ಸಂಗಯ್ಯ’, ‘ಚೌಡಯ್ಯ’ಗಳ ತುದಿಯಲ್ಲಿ ‘ಯ್ಯ’ ಸಮಾನವಾಗಿದ್ದರೂ ಅದರಿಂದ ಸಿದ್ಧವಾಗುವುದು ಏನೂ ಇಲ್ಲ.

ಕೊನೆಯ ಮಾತು ಬಹು ಮುಖ್ಯವಾದುದು. ‘ಗುಹೇಶ್ವರ’, ಷಣ್ಮುಖಸ್ವಾಮಿಗಳ ‘ಅಖಂಡೇಶ್ವರ’, ಸತ್ಯಕ್ಕನವರ ‘ಶಂಭುಜಕ್ಕೇಶ್ವರ’ ಇವೆಲ್ಲ ಒಂದೇ ಬಗೆಯ ತುದಿಯುಳ್ಳವು. ಷಣ್ಮುಖಸ್ವಾಮಿಗಳಾದರೋ ಅಲ್ಲಮರಿಗಿಂತ ಹಲವು ಶತಮಾನಗಳ ಈಚಿನವರು. ‘ಈಶ್ವರ’, ‘ದೇವ’, ‘ಲಿಂಗ’ ಎಂಬ ಮಾತುಗಳು ಎಲ್ಲರ ಸೊತ್ತು. ಅವು ಕೂಡಿದ ಮಾತ್ರಕ್ಕೆ ನಂಟು ಸಿದ್ಧವಾಗದು. ‘ನಿಃಕಳಂಕಮಲ್ಲಿಕಾರ್ಜುನ’ ಎಂಬ ಒಂಬತ್ತು ಅಕ್ಷರಗಳು ಎರಡು ಕಡೆ ಕೂಡಿದರೆ ಅದು ಆಕಸ್ಮಿಕವಾಗಿರಲಾರದು. ಸಮಾನಾಂತ್ಯವು ಉದ್ದವಾದಷ್ಟೂ ವಿರಳವಾದಷ್ಟೂ ಅದರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ತುದಿಯನ್ನು ಬದಲಿಸಿದರೆ

ವಚನದ ತುದಿಯ ನಾಲ್ಕೆಂಟು ಅಕ್ಷರಗಳಿಗೆ ಇಷ್ಟೊಂದು ಮಹತ್ವವೇಕೆ ಎಂದು ಕೇಳುವವರಿಗೆ ಸಮೀಪದ ಇತಿಹಾಸವೇ ಉತ್ತರ ಹೇಳುತ್ತದೆ. ಪೂಜ್ಯ ಮಾತೆ ಮಹಾದೇವಿಯವರು ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಎಡೆಯಲ್ಲಿ ‘ಲಿಂಗದೇವ’ ಎಂಬುದನ್ನು ಇರಿಸಿದ್ದರು. ಸಮಾಜದಲ್ಲಿ ತೀವ್ರವಾದ ಚರ್ಚೆ ನಡೆಯಿತು. ೧೯೯೮ರಲ್ಲಿ ಕರ್ನಾಟಕ ಸರ್ಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಆ ವಾದವಿವಾದವನ್ನು ಇಲ್ಲಿ ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಅಳತೆಯ ದೃಷ್ಟಿಯಿಂದ ಮಾತ್ರ ನೋಡಿದರೆ, ‘ಕೂಡಲಸಂಗಮದೇವ’, ‘ಲಿಂಗದೇವ’ ಎಂಬವುಗಳ ಸಮಾನಾಂತ್ಯ ‘ದೇವ’ ಎಂಬ ಎರಡೇ ಅಕ್ಷರ. ಅದು ಎಲ್ಲರಿಗೂ ಸಲ್ಲುವ ಸಾಮಾನ್ಯ ಪದ. ಉಳಿದ ಆರು ಅಕ್ಷರಗಳಲ್ಲಿಯೇ ಬಸವಣ್ಣನವರು ವಿದ್ಯೆ ಕಲಿತ ಕ್ಷೇತ್ರವೂ, ಎರಡು ಹೊಳೆಗಳ ಸಂಗಮವೂ, ಅಳಿಯನಿಗೂ ಅಕ್ಕನಿಗೂ ಮಡದಿಗೂ ಅವರನ್ನು ಬೆಸೆದ ಕೊಂಡಿಯೂ ಇದ್ದುದು. ತುದಿ ಬದಲಾದರೆ ಚೆನ್ನಬಸವಣ್ಣನವರು ನಡುವೆ ಇರಿಸಿದ ಆ ‘ಚೆನ್ನ’ಕ್ಕೆ ಆಧಾರವೇ ಇಲ್ಲದಂತಾಗುತ್ತದೆ. ಅಂಕಿತವು ಒಬ್ಬರ ಸಹಿ ಮಾತ್ರವಲ್ಲ. ಅದು ಉಳಿದವರ ಅಂಕಿತಗಳೊಡನೆ ಹೆಣೆದುಕೊಂಡ ಎಳೆ.

ಇದರ ಮತ್ತೊಂದು ಮುಖವೂ ಉಂಟು. ಅಂಕಿತವನ್ನು ಅಳಿಸುವುದು ಎಷ್ಟು ಸುಲಭವೋ, ಸಲ್ಲದ ಮಾತಿಗೆ ಅಂಕಿತವನ್ನು ಅಂಟಿಸುವುದೂ ಅಷ್ಟೇ ಸುಲಭ. ಹಿಂದಿನವರಲ್ಲಿಯೂ ಶರಣರ ಅಂಕಿತವನ್ನಿಟ್ಟು ಬರೆದವರಿದ್ದರು. ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ಸಂಪಾದಕರು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಈಗಲಾದರೋ ಸುಭಾಷಿತದಂತಹ ಯಾವುದೋ ನಾಲ್ಕು ಸಾಲು ಬರೆದು, ಕೊನೆಗೆ ‘ಕೂಡಲಸಂಗಮದೇವ’ ಎಂದು ಸೇರಿಸಿ, ಮೊಬೈಲಿನಲ್ಲಿ ಊರೂರಿಗೆ ಕಳುಹಿಸುವವರಿದ್ದಾರೆ. ತುದಿ ಕೂಡಿತೆಂದು ಅದನ್ನು ಬಸವಣ್ಣನವರ ವಚನವೆಂದು ಒಪ್ಪಿಕೊಳ್ಳುವುದು ಮುದ್ರೆಯನ್ನು ಕಂಡು ನಾಣ್ಯವನ್ನು ಒಪ್ಪಿ, ಲೋಹವನ್ನು ಉಜ್ಜಿ ನೋಡದೆ ಇರುವಂತೆ. ಸಮಾನಾಂತ್ಯವು ಪರೀಕ್ಷೆಯ ಮೊದಲ ಮೆಟ್ಟಿಲೇ ಹೊರತು ಕೊನೆಯದಲ್ಲ. ಅದರ ಮೇಲೆ ಭಾಷೆಯ ಪ್ರಾಚೀನತೆ, ಷಟ್‌ಸ್ಥಲದ ನೆಲೆ, ಓಲೆಯ ಪ್ರತಿಗಳ ಆಧಾರ ಇವುಗಳನ್ನು ನೋಡಬೇಕು.

ಮನೆಗಳಲ್ಲಿ ಪಾಲಿಸಬಹುದಾದ ಕ್ರಮ

ಇದೆಲ್ಲ ಪಂಡಿತರ ಕೆಲಸ, ನಮಗೇಕೆ ಎಂದು ಸದ್ಭಕ್ತರು ಭಾವಿಸಬಾರದು. ಮದುವೆಯ ಆಮಂತ್ರಣದಲ್ಲಿ, ಗೃಹಪ್ರವೇಶದ ಫಲಕದಲ್ಲಿ, ಶಾಲೆಯ ಭಾಷಣದಲ್ಲಿ ವಚನವನ್ನು ಬಳಸುವವರು ನಾವೇ. ಅಲ್ಲಿ ಸ್ಥಳ ಸಾಲದೆಂದು ಮೊದಲು ಕತ್ತರಿಸುವುದು ಅಂಕಿತವನ್ನೇ! ಅಂಕಿತವಿಲ್ಲದ ವಚನವು ತಂದೆತಾಯಿಯ ಹೆಸರು ಹೇಳಲಾರದ ಕೂಸಿನಂತೆ ಆಗುತ್ತದೆ.

ಆದ್ದರಿಂದ ವಚನವೊಂದನ್ನು ಬರೆಯುವಾಗ ಅಂಕಿತವನ್ನು ಪೂರ್ಣವಾಗಿ ಬರೆಯೋಣ. ಬೇರೆಯವರಿಂದ ಬಂದ ವಚನವನ್ನು ಮುಂದಕ್ಕೆ ಕಳುಹಿಸುವ ಮುನ್ನ ತುದಿಯನ್ನು ಮೊದಲು ನೋಡೋಣ. ‘ಕೂಡಲಸಂಗಮದೇವ’ ಇದೆಯೋ, ‘ಕೂಡಲಚೆನ್ನಸಂಗಮದೇವ’ ಇದೆಯೋ ಎಂದು ಪೂರ್ತಿಯಾಗಿ ಓದೋಣ. ‘ಸಂಗಮದೇವ’ ಎಂಬಲ್ಲಿಯೇ ಕಣ್ಣು ನಿಲ್ಲಿಸಿದರೆ ಅಳಿಯನ ಮಾತನ್ನು ಮಾವನದೆಂದು ಹೇಳಿದಂತಾಗುತ್ತದೆ. ‘ಮಲ್ಲಿಕಾರ್ಜುನ’ ಎಂದು ಕಂಡಾಕ್ಷಣ ಅಕ್ಕನ ವಚನವೆನ್ನದೆ, ಅದರ ಹಿಂದಿನ ಮಾತು ಯಾವುದೆಂದು ಗಮನಿಸೋಣ. ‘ಪ್ರಿಯ’ ಎಂಬುದು ಕಂಡರೆ ಅದು ಶರಣೆಯೊಬ್ಬರ ದನಿಯಾಗಿರಬಹುದೆಂದು ಹುಡುಕೋಣ. ಸಂಶಯವಿದ್ದರೆ ಸಮಗ್ರ ವಚನ ಸಂಪುಟವನ್ನು ತೆರೆದು ನೋಡೋಣ. ಅದು ಊರಿನ ಗ್ರಂಥಾಲಯದಲ್ಲಿಯೋ ಸಮೀಪದ ಮಠದಲ್ಲಿಯೋ ಸಿಕ್ಕೀತು. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಪದವನ್ನು ಕೊಟ್ಟು ವಚನಗಳನ್ನು ಹುಡುಕುವ ಅನುಕೂಲವನ್ನೂ ಕಲ್ಪಿಸಲಾಗಿದೆ.

ಮಕ್ಕಳಿಗೆ ಇದನ್ನು ಆಟವಾಗಿಯೇ ಕಲ್ಪಿಸಬಹುದು. ಹತ್ತು ಅಂಕಿತಗಳನ್ನು ಚೀಟಿಗಳಲ್ಲಿ ಬರೆದು, ಒಂದೇ ತುದಿಯುಳ್ಳವನ್ನು ಒಂದೆಡೆ ಗುಂಪು ಮಾಡಿರೆಂದು ಹೇಳಿ. ಅಮರೇಶ್ವರಲಿಂಗದ ಬಳಿಗೆ ಮಾರಯ್ಯಪ್ರಿಯ ಅಮರೇಶ್ವರಲಿಂಗವು ಬಂದು ಕೂಡಿದಾಗ, ಆ ದಂಪತಿಗಳ ಕತೆಯನ್ನು ಹೇಳಿ. ರಾಮನಾಥನ ಬಳಿಗೆ ದಾಸಯ್ಯಪ್ರಿಯ ರಾಮನಾಥನು ಬಂದಾಗ ದುಗ್ಗಳೆಯವರ ಹೆಸರನ್ನು ನೆನಪಿಸಿ. ಆಮೇಲೆ ತುದಿ ಕೂಡದ ಚೀಟಿಗಳನ್ನು ಎತ್ತಿಕೊಂಡು, ಇವು ಎಲ್ಲಿ ಕೂಡುತ್ತವೆ ಎಂದು ಕೇಳಿ. ಅಕ್ಷರದಲ್ಲಿ ಕೂಡದಿದ್ದರೂ ಅರ್ಥದಲ್ಲಿ ಕೂಡುವ ಎಡೆಯನ್ನು ಮಕ್ಕಳೇ ಕಂಡುಹಿಡಿದಾರು.

ಅನುಭವಮಂಟಪದಲ್ಲಿ ನೇಯುವವರೂ ಅಕ್ಕಿ ಆಯುವವರೂ ಸೌದೆ ಮಾರುವವರೂ ದೋಣಿ ನಡೆಸುವವರೂ ಕುಳಿತಿದ್ದರು. ಅವರ ಮಾತಿನ ಆರಂಭ ಬೇರೆಬೇರೆ. ಕಾಯಕದ ಅನುಭವವೂ ಬೇರೆಬೇರೆ. ಮಾತು ಮುಗಿಯುವ ಹೊತ್ತಿಗೆ ಅವರು ತಮ್ಮ ಅರಿವನ್ನು ಒಂದು ಹೆಸರಿಗೆ ಒಪ್ಪಿಸಿದರು. ಅಂಕಿತ ಎಂದರೆ ಹಾಗೆ ಒಪ್ಪಿಸಿದ ಗುರುತು. ಆ ಗುರುತನ್ನು ಕೂಡಿಸದೆ, ಕಳೆಯದೆ, ಇದ್ದಂತೆಯೇ ಮುಂದಿನ ಪೀಳಿಗೆಗೆ ಮುಟ್ಟಿಸುವುದು ನಮ್ಮ ಪಾಲಿನ ಕಾಯಕ.